ಒಂದು ಹಗಲಿನ ಹುಳಿ

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡವೆನ್ನುತ್ತಾರೆ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಮಕ್ಕಳಿಗೆ ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಹತ್ತರಲ್ಲಿ ಒಂಬತ್ತು ಮಕ್ಕಳು ಬರೆಯುವುದು ಒಂದೇ: ಕೆಟ್ಟವರ ಸಂಗ ಬೇಡ, ಸಂಶಯ ಬರುವ ಜಾಗದಲ್ಲಿ ಕೂಡಬೇಡ. ಗೈಡಿನಲ್ಲಿ ಇರುವುದೂ ಅಷ್ಟೇ. ನಾನೂ ಅದಕ್ಕೇ ಅಂಕ ಹಾಕುತ್ತೇನೆ. ಆದರೆ ಆ ಗಾದೆಯಲ್ಲಿ ಗೈಡಿನವರು ಕಾಣದ ಒಂದು ಮಾತಿದೆ. ಮಜ್ಜಿಗೆಯೂ ಬೆಳ್ಳಗೆ, ಹೆಂಡವೂ ಬೆಳ್ಳಗೆ. ಮಜ್ಜಿಗೆಯೂ ಹುಳಿ, ಹೆಂಡವೂ ಹುಳಿ. ಎರಡಕ್ಕೂ ಆ ಹುಳಿ ಕೊಡುವುದು ಹೆಚ್ಚುಕಡಿಮೆ ಒಂದೇ ಕುಲದ ಸೂಕ್ಷ್ಮಜೀವಿಗಳು, ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಎಂದು ವಿಜ್ಞಾನದ ಮಾಸ್ತರರು ಹೇಳುವಂಥವು. ಅಂದರೆ ಇವೆರಡೂ ದೂರದ ನೆಂಟರು. ದೂರದಲ್ಲಿ ನಿಂತು ನೋಡುವವನಿಗೆ ಭೇದ ತಿಳಿಯದು. ಹತ್ತಿರ ಹೋಗಿ ನಾಲಿಗೆಗೆ ಮುಟ್ಟಿಸಿದವನಿಗೆ ಮಾತ್ರ ತಿಳಿದೀತು. ಗಾದೆ ಕುಡಿಯುವವನ ತಪ್ಪನ್ನು ಎಷ್ಟು ಹೇಳುತ್ತದೋ, ನೋಡುವವನ ಕುರುಡನ್ನೂ ಅಷ್ಟೇ ಹೇಳುತ್ತದೆ.

ಈ ಪ್ರಬಂಧ ಆ ಎರಡನೆಯ ಅರ್ಥದ ವಿಸ್ತರಣೆ. ಪುಸ್ತಕಗಳಿಗೆ, ನಾಟಕಗಳಿಗೆ ವಿಮರ್ಶೆ ಬರೆಯುತ್ತಾರೆ. ಒಂದು ಪೇಯಕ್ಕೆ ವಿಮರ್ಶೆ ಬರೆಯುವುದು ನಮ್ಮಲ್ಲಿ ರೂಢಿಯಿಲ್ಲ, ಅದರಲ್ಲೂ ಹೆಣ್ಣುಮಗಳು, ಅದರಲ್ಲೂ ಅಕ್ಕೋರು! ಇರಲಿ. ನಾನು ಕುಡಿಯುವವಳಲ್ಲ, ಕುಡಿಯಿರೆಂದು ಹೇಳುವವಳೂ ಅಲ್ಲ. ಎರಡು ಪೇಯಗಳನ್ನು ಗುಟುಕು ಗುಟುಕಾಗಿ ರುಚಿ ನೋಡಿದ್ದೇನೆ. ಒಂದು ನಮ್ಮ ಸೀಮೆಯದು, ಇನ್ನೊಂದು ಬೆಲ್ಜಿಯಂ ದೇಶದ್ದು. ಎರಡರ ಗುಣದೋಷ ಹೇಳಿ, ಅದರಿಂದ ನನಗೆ ತೋರಿದ ಒಂದು ಮಾತನ್ನು ಓದುಗರ ಮುಂದಿಡುತ್ತೇನೆ.

ಮೊದಲು ಹೆಸರು. ಹಳೆ ಮೈಸೂರಿನವರು ಹೆಂಡವೆನ್ನುತ್ತಾರೆ, ಕರಾವಳಿಯವರು ಕಳ್ಳು ಎನ್ನುತ್ತಾರೆ. ಸರಕಾರದ ಕಾಗದದಲ್ಲಿ ಅದು ಸೇಂದಿ, ನಮ್ಮ ಬಾಯಲ್ಲಿ ಸಿಂದಿ. ಚಂದ್ರಂಪಳ್ಳಿಯ ಕೆರೆ ಬಿಟ್ಟು ಕಾಡು ಹಾದು ಆ ಕಡೆ ಇಳಿದರೆ ತೆಲಂಗಾಣ. ಅಲ್ಲಿ ಅದೇ ವಸ್ತು ‘ಕಲ್ಲು’. ಶಹಾಬಾದಿ ಪರಸಿಯ ಮೇಲೆ ಹುಟ್ಟಿ ಬೆಳೆದ ನಮಗೆ ಕಲ್ಲು ಕುಡಿಯುವುದೆಂದರೆ ನಗು ಬರಬೇಕು. ಚಿಂಚೋಳಿ, ಸೇಡಂ, ಚಿತ್ತಾಪುರ ಎಲ್ಲವೂ 1948ರ ತನಕ ನಿಜಾಮರ ರಾಜ್ಯದಲ್ಲಿದ್ದವು. ಆಬಕಾರಿ ಎಂಬ ಪದವೂ, ಗಿಡಕ್ಕಿಷ್ಟು ಎಂದು ತೆರಿಗೆ ಕಟ್ಟುವ ಪದ್ಧತಿಯೂ ಆ ಕಾಲದ ಬಳುವಳಿ. 1956ರಲ್ಲಿ ನಾವು ಕನ್ನಡದ ರಾಜ್ಯಕ್ಕೆ ಸೇರಿದೆವು, ಗಡಿ ಬಂತು. ಈಚಲ ಗಿಡಗಳಿಗೆ ಗಡಿ ತಿಳಿಯಲಿಲ್ಲ. ಹಳ್ಳದ ದಂಡೆ ಹಿಡಿದು ಎರಡೂ ಕಡೆ ಒಂದೇ ಸಮನೆ ನಿಂತಿವೆ.

ಸಿಂದಿ ತೆಗೆಯುವ ಕೆಲಸ ಸುಲಭದ್ದಲ್ಲ. ಚಳಿ ಬಿದ್ದ ಮೇಲೆ ಈಚಲ ಗಿಡದ ತಲೆಯ ಕೆಳಗೆ ಒಂದು ಬದಿಯ ಗರಿ ಬಿಡಿಸಿ, ಮೈ ಹೆರೆದು, ಒಳಗಿನ ಬಿಳಿಯ ಮೆತ್ತನೆಯ ಭಾಗ ಕಾಣುವಂತೆ ಮಾಡುತ್ತಾರೆ. ಆಮೇಲೆ ತೆಳ್ಳಗೆ ಕೆತ್ತುತ್ತ ಹೋದರೆ ರಸ ಜಿನುಗುತ್ತದೆ. ಸಂಜೆ ಗಡಗಿ ಕಟ್ಟಿದರೆ ಬೆಳಗಾಗುವುದರೊಳಗೆ ತುಂಬುತ್ತ ಬರುತ್ತದೆ. ಕೆಲವು ದಿನ ತೆಗೆದು ಕೆಲವು ದಿನ ಗಿಡಕ್ಕೆ ಬಿಡುವು ಕೊಡಬೇಕು. ಈ ವರ್ಷ ಒಂದು ಬದಿ ಕೆತ್ತಿದರೆ ಮುಂದಿನ ವರ್ಷ ಎದುರಿನ ಬದಿ. ಹಳೆಯ ಗಿಡದ ಮೈಮೇಲೆ ಅತ್ತೊಂದು ಇತ್ತೊಂದು ಕಚ್ಚು ಬಿದ್ದಿರುತ್ತದೆ. ಎಣಿಸಿದರೆ ಎಷ್ಟು ಹಂಗಾಮು ಹಾಲು ಕೊಟ್ಟಿದೆ ಎಂದು ತಿಳಿಯುತ್ತದೆ. ತಾಳೆ ಗಿಡದ ರೀತಿ ಬೇರೆ, ಅದರ ಹೂವಿನ ದಂಟು ಕೊಯ್ದು ರಸ ಇಳಿಸುತ್ತಾರೆ. ನಾನು ಹೇಳುತ್ತಿರುವುದು ಈಚಲದ್ದು.

ಇಳಿದ ರಸದಲ್ಲಿ 100ಕ್ಕೆ ಸುಮಾರು 10ರಿಂದ 12 ಭಾಗ ಸಕ್ಕರೆ ಇರುತ್ತದೆ. ಅದಕ್ಕೆ ಯಾರೂ ಹೆಪ್ಪು ಹಾಕುವುದಿಲ್ಲ. ಗಾಳಿಯಲ್ಲಿ, ಗಿಡದ ಮೈಯಲ್ಲಿ, ಹಳೆಯ ಗಡಗಿಯ ಮಣ್ಣಿನ ಸಂದಿಯಲ್ಲಿ ಕಾದಿರುವ ಜೀವಿಗಳೇ ಹೆಪ್ಪು. ಹುದುಗು ಬೇಡವಾದರೆ ಗಡಗಿಯ ಒಳಮೈಗೆ ಸುಣ್ಣ ಹಚ್ಚುತ್ತಾರೆ. ಆಗ ಅದು ನೀರಾ. ಸುಣ್ಣವಿಲ್ಲದಿದ್ದರೆ ಗಿಡದ ಮೇಲೆ ಇರುವಾಗಲೇ ಕೆಲಸ ಶುರುವಾಗಿಬಿಡುತ್ತದೆ. ಸಕ್ಕರೆ ಮದ್ಯವಾಗುತ್ತದೆ, ಜೊತೆಗೇ ಹುಳಿ ಏರುತ್ತದೆ, ಒಂದು ದಿನ ಕಳೆಯುವುದರಲ್ಲಿ ಸಿರ್ಕಾದ ದಾರಿ ಹಿಡಿಯುತ್ತದೆ. ಮಂಗಳೂರು, ಗೋವಾದ ಕಡೆ ಇದೇ ಕಳ್ಳಿನಿಂದ ಸನ್ನದ ಹಿಟ್ಟು ಉಬ್ಬಿಸುತ್ತಾರೆ. ನಮ್ಮ ದೋಸೆ ಹಿಟ್ಟು ರಾತ್ರಿಯಿಡೀ ಮಾಡುವುದೂ ಇಂಥ ಕೆಲಸವನ್ನೇ.

ಹೋದ ಚಳಿಗಾಲ ಗಡಿಯಾಚೆಯ ನೆಂಟರ ಹೊಲಕ್ಕೆ ತೊಗರಿ ರಾಶಿಗೆ ಹೋದಾಗ ಇದನ್ನು ಹೊತ್ತುಹೊತ್ತಿಗೆ ರುಚಿ ನೋಡುವ ಅವಕಾಶ ಸಿಕ್ಕಿತು. ಆ ಕಡೆ ಸಿಂದಿ ತೆಗೆಯುವವರಿಗೆ ಪರವಾನಗಿ ಇದೆ, ಅವರ ಸಹಕಾರ ಸಂಘಗಳೂ ಇವೆ. ಬದುವಿನ ಗಿಡ ಕೆತ್ತುವ ಮುತ್ಯಾನಿಗೆ ಎಪ್ಪತ್ತರ ಹತ್ತಿರ ವಯಸ್ಸು, ಮಾತು ಅರ್ಧ ಕನ್ನಡ, ಅರ್ಧ ತೆಲುಗು. ನಾನು ಪೆನ್ನು, ನೋಟುಬುಕ್ಕು ಹಿಡಿದು ಕೂತದ್ದನ್ನು ನೋಡಿ ಅವನಿಗೆ ನಗು. “ಪರೀಕ್ಷಾ ತಗೋತೀರೇನ್ರಿ ಅಕ್ಕೋರೆ?” ಎಂದ. ಹೌದೆಂದೆ.

ಬೆಳಗಿನ ಆರು ಗಂಟೆಯದು ಹೆಚ್ಚುಕಡಿಮೆ ತಿಳಿನೀರು, ತುಸು ಮಬ್ಬು. ಮೂಗಿಗೆ ಹಸಿ ಕಬ್ಬಿನ ವಾಸನೆ, ಅದರ ಹಿಂದೆ ತೊಯ್ದ ಗಡಗಿಯ ಮಣ್ಣು. ನಾಲಿಗೆಗೆ ಸಿಹಿ, ಅಂಚಿನಲ್ಲಿ ಚಿಟಿಕೆ ಉಪ್ಪಿನಂಥದ್ದು. ಚಳಿಗೆ ಗಡಗಿಯೇ ತಣ್ಣಗಿತ್ತು. ಚೆನ್ನಾಗಿದೆ ಎನ್ನಬಹುದು, ಆದರೆ ಅದರಲ್ಲಿ ಮಾತಿಲ್ಲ. ಬರಿಯ ಸಿಹಿ ಎಷ್ಟು ಹೊತ್ತು ಸವಿಯಬಹುದು? ಎರಡನೆಯ ಲೋಟಕ್ಕೆ ನಾಲಿಗೆ ಅಂಟಂಟಾಗುತ್ತದೆ.

ಹತ್ತು ಗಂಟೆಗೆ ಅದೇ ಗಡಗಿಯದು ಬೆಳ್ಳಗಾಗಿತ್ತು, ಅಕ್ಕಿ ತೊಳೆದ ನೀರಿನ ಹಾಗೆ. ಆ ಬಿಳುಪು ಬಣ್ಣವಲ್ಲ, ಲಕ್ಷೋಪಲಕ್ಷವಾಗಿ ಹೆಚ್ಚಿದ ಜೀವಿಗಳೇ. ಮೇಲೆ ಬುರುಗು, ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಸುಯ್ಯೆನ್ನುವ ಸದ್ದು. ಮೂಗಿಗೆ ಉಬ್ಬಿದ ದೋಸೆ ಹಿಟ್ಟು, ಕಳಿತ ಬಾಳೆಹಣ್ಣು. ಗುಟುಕು ಬಾಯಿಗೆ ಬಿದ್ದ ಕೂಡಲೇ ಸಿಹಿ, ನಾಲಿಗೆಯ ನಡುವಿಗೆ ಬರುವಾಗ ಹುಳಿ, ನುಂಗಿದ ಮೇಲೆ ಗಂಟಲಲ್ಲಿ ಸಣ್ಣ ಒಗರು. ಮೂರೂ ಒಂದನ್ನೊಂದು ತುಳಿಯುವುದಿಲ್ಲ, ಸರದಿಯಲ್ಲಿ ಬರುತ್ತವೆ. ನಾಲಿಗೆ ಚುರುಚುರು ಎನ್ನುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿಯ ಪಕ್ಕದಲ್ಲಿ ಇದಕ್ಕೊಂದು ಜಾಗವಿದೆ ಎಂದು ಆಗ ಹೊಳೆಯಿತು. ಪುಂಡಿಯ ಹುಳಿ ಗಟ್ಟಿ, ಇದರ ಹುಳಿ ಹಗುರ.

ಸಂಜೆ ನಾಲ್ಕಕ್ಕೆ ಸಿಹಿ ಹೋಗಿಬಿಟ್ಟಿತ್ತು. ಘಾಟು ವಾಸನೆ, ಸಿರ್ಕಾದ ಚೂಪು, ಬಾಯಿಗಿಂತ ಮೊದಲು ಮೂಗಿಗೆ ಹೊಡೆಯುತ್ತದೆ. ಮದ್ಯದ ಬಿಸಿ ಎದೆಗೆ ತಿಳಿಯುವಷ್ಟು. ಒಂದು ಗುಟುಕಿಗೆ ಸಾಕು ಮಾಡಿದೆ. ಮುತ್ಯಾ ಮಾತ್ರ ಅದನ್ನೇ ಕಾದು ಕೂತವನು. “ಗಡಗಿ ಒಂದೇ ಇರ್ತದ್ರಿ ಅಕ್ಕೋರೆ, ಹೊತ್ತು ಬ್ಯಾರೆ. ಹೊತ್ತು ತಿಳೀಲಾರದವ ಸಿಂದಿ ಕುಡೀಬಾರದು” ಎಂದ. ಗಡಗಿಯ ಬಗ್ಗೆಯೂ ಹೇಳಿದ: ಹೊಸ ಗಡಗಿಯಲ್ಲಿ ಹುಳಿ ತಡವಾಗಿ ಬರುತ್ತದೆ, ಹಳೆಯದರಲ್ಲಿ ಬೇಗ. ಹಳೆಯದನ್ನು ತೊಳೆದರೂ ಅದರ ಮೈ ಮರೆಯುವುದಿಲ್ಲ.

ಈ ಮಾತು ನನಗೆ ದೀಪಾವಳಿಯ ಸೀಸೆಯನ್ನು ನೆನಪಿಸಿತು. ಬ್ರಸೆಲ್ಸ್‌ನಲ್ಲಿ ಕೆಲಸಕ್ಕಿರುವ ನಮ್ಮ ತಮ್ಮನ ಮಗ ಹಬ್ಬಕ್ಕೆ ಬಂದಾಗ ಬೂಚು ಬಡಿದ ಒಂದು ದೊಡ್ಡ ಸೀಸೆ ತಂದಿದ್ದ. ಅದು ಗ್ಯೂಜ್ ಎಂಬ ಬಿಯರು. ಊಟವಾದ ಮೇಲೆ ತೆರೆದು ಎಲ್ಲರಿಗೂ ಚೂರುಚೂರು ಕೊಟ್ಟ. ತಮ್ಮ ಒಂದು ಗುಟುಕು ಕುಡಿದು ಮುಖ ಕಿವುಚಿ, ದಾರಿಯಲ್ಲಿ ಕೆಟ್ಟಿದೆ ಎಂದ. ಹುಡುಗ ನನ್ನ ಕಡೆ ತಿರುಗಿ “ಅತ್ತಿ, ಇದು ಕೆಟ್ಟಿಲ್ಲ, ಇದು ಇರೋದೇ ಹಿಂಗ” ಎಂದ. ನಾನು ಮೂಸಿ ನೋಡಿದೆ. ಸಣ್ಣವಳಿದ್ದಾಗ ನಮ್ಮ ಓಣಿಯ ಕೊನೆಗಿದ್ದ ಸಿಂದಿ ಅಂಗಡಿಯ ಮುಂದೆ ಹಾಯುವಾಗ ಬರುತ್ತಿದ್ದ ವಾಸನೆಯ ಒಂದು ಎಳೆ ಅದರಲ್ಲಿತ್ತು.

ಆ ಬಿಯರು ಮಾಡುವ ಬಗೆ ಕೇಳಿದರೆ ನಮ್ಮ ಗಡಗಿ ಕಟ್ಟುವವರಿಗೆ ಏನೂ ಆಶ್ಚರ್ಯವಾಗದು. ಬ್ರಸೆಲ್ಸ್ ಊರೊಳಗೆ ಸೆನ್ ಎಂಬ ಹೊಳೆ, ಅದರ ಪಕ್ಕದ ಬಯಲಿಗೆ ಪಾಯೋಟೆನ್‌ಲಾಂಡ್ ಎಂದು ಹೆಸರು. ಅಲ್ಲಿನವರು ಮೊಳಕೆ ಬರಿಸಿದ ಬಾರ್ಲಿಗೆ ಮೂರರಲ್ಲೊಂದು ಪಾಲಿನಷ್ಟು ಹಸಿ ಗೋಧಿ ಸೇರಿಸಿ ಬೇಯಿಸುತ್ತಾರೆ. ಬಿಯರಿಗೆ ಹಾಕುವ ಹಾಪ್ಸ್ ಹೂವನ್ನು ವರ್ಷಗಟ್ಟಲೆ ಹಳತು ಮಾಡಿ, ಕಹಿ ಇಳಿಸಿ ಹಾಕುತ್ತಾರೆ. ಕುದಿಸಿದ ರಸವನ್ನು ಅಟ್ಟದ ಮೇಲಿನ ಅಗಲವಾದ ತಟ್ಟೆಯಂಥ ತೊಟ್ಟಿಗೆ ಸುರಿದು, ಕಿಟಕಿ ತೆರೆದು, ರಾತ್ರಿಯಿಡೀ ಆರಲು ಬಿಡುತ್ತಾರೆ. ಗಾಳಿಯಲ್ಲಿ ಬಂದದ್ದೇ ಹೆಪ್ಪು. ಬೇಸಿಗೆಯ ಗಾಳಿಯಲ್ಲಿ ಬೇಡದ ಜೀವಿಗಳು ಹೆಚ್ಚೆಂದು ಚಳಿಯ ತಿಂಗಳುಗಳಲ್ಲೇ ಈ ಕೆಲಸ. ಬೆಳಿಗ್ಗೆ ಓಕ್ ಮರದ ಪೀಪಾಯಿಗೆ ತುಂಬಿದರೆ ಅದು ಲಾಂಬಿಕ್. ಒಂದು, ಎರಡು, ಮೂರು ವರ್ಷದ ಲಾಂಬಿಕ್ ಬೆರೆಸಿ ಸೀಸೆಗೆ ತುಂಬಿ ಬೂಚು ಬಡಿದರೆ ಗ್ಯೂಜ್. ಎಳೆಯದರಲ್ಲಿ ಉಳಿದ ಸಕ್ಕರೆ ಸೀಸೆಯೊಳಗೆ ಮತ್ತೆ ಹುದುಗಿ ಬುರುಗು ಕೊಡುತ್ತದೆ. ಬ್ರಸೆಲ್ಸ್‌ನ ಆಂಡರ್ಲೆಕ್ಟ್‌ನಲ್ಲಿ 1900ರಲ್ಲಿ ಶುರುವಾದ ಕಾಂಟಿಯೋಂ ಎಂಬ ಮನೆತನದ ಕಾರಖಾನೆ ಈಗಲೂ ಹೀಗೇ ಮಾಡುತ್ತದೆ. ಅಲ್ಲಿ ಜೇಡರ ಬಲೆಯನ್ನೂ ತೆಗೆಯುವುದಿಲ್ಲವಂತೆ, ಹಣ್ಣಿನ ನೊಣ ಹಿಡಿಯಲಿ ಎಂದು. ಪೀಪಾಯಿ ತೊಳೆದರೂ ಮರದ ಸಂದಿಯಲ್ಲಿ ಜೀವಿಗಳು ಉಳಿಯುತ್ತವೆ. ಮುತ್ಯಾ ಹೇಳಿದ, ಮೈ ಮರೆಯದ ಗಡಗಿ ಇದೇ ಅಲ್ಲವೇ?

ಅದರ ರುಚಿಗೆ ಬರೋಣ. ಬಣ್ಣ ತಿಳಿ ಬಂಗಾರ. ಮೊದಲ ವಾಸನೆ ನಿಂಬೆ ಸಿಪ್ಪೆ, ಅದರ ಹಿಂದೆ ಒಣ ಹುಲ್ಲು, ಇನ್ನೂ ಹಿಂದೆ ಎತ್ತಿನ ಕೊರಳಿನ ಬೆವರು ಹಿಡಿದ ತೊಗಲಿನ ಪಟ್ಟಿಯಂಥದ್ದು. ಕೊನೆಯದನ್ನು ಕೊಡುವ ಹುದುಗಿಗೆ ಬ್ರೆಟ್ಟನೊಮೈಸಿಸ್ ಎಂದು ಹೆಸರಿಟ್ಟವರು ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಕ್ಲಾಸೆನ್, 1904ರಲ್ಲಿ. ಬಾಯಲ್ಲಿ ಹುಳಿ, ಸಿಹಿಯ ಸುಳಿವೇ ಇಲ್ಲ. ಆ ಹುಳಿ ಚುಚ್ಚುವುದಿಲ್ಲ, ಹರಡುತ್ತದೆ. ನುಂಗಿ ಬಹಳ ಹೊತ್ತಾದ ಮೇಲೂ ದವಡೆಯ ಮೂಲೆಯಲ್ಲಿ ಮರದ ಒಗರು ನಿಂತಿರುತ್ತದೆ. ಇದು ಅದರ ದೊಡ್ಡ ಗುಣ. ನಮ್ಮ ಸಿಂದಿಗೆ ಈ ಬಾಲವಿಲ್ಲ. ನುಂಗಿದ ಮೇಲೆ ಬೇಗ ಮರೆಯಾಗುತ್ತದೆ.

ಹಾಗೆಂದು ಗ್ಯೂಜ್‌ಗೆ ದೋಷವಿಲ್ಲವೆಂದಲ್ಲ. ಅದರಲ್ಲಿ ತಂಪಿಲ್ಲ, ಹೊಟ್ಟೆಗೆ ಆಸರೆಯಿಲ್ಲ. ದುಡಿದು ಬಂದವನ ದಾಹ ಅದು ನೀಗಿಸದು. ಕೂತು ಮಾತಾಡಲು ಪುರುಸೊತ್ತು ಇರುವವರಿಗೆ ಅದು. ಸಿಹಿಯನ್ನು ಸಂಪೂರ್ಣ ಕೊಂದು ಪಡೆದ ಘನತೆ ಅದು, ಒಮ್ಮೊಮ್ಮೆ ಒಣ ಪಾಂಡಿತ್ಯದಂತೆ ಕಾಣುತ್ತದೆ. ಸಿಂದಿಯ ಹತ್ತು ಗಂಟೆಯ ರುಚಿಯಲ್ಲಿ ಸಿಹಿ ಇನ್ನೂ ಸಾಯದೆ, ಹುಳಿ ಇನ್ನೂ ಗೆಲ್ಲದೆ ಇರುವ ಒಂದು ಗಳಿಗೆ ಇದೆ. ಲಾಂಬಿಕ್‌ನ ಪೀಪಾಯಿಯಲ್ಲಿ ಒಂದು ಜೀವಿ ಸೋತು ಇನ್ನೊಂದು ಏಳುವ ಸರದಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುತ್ತದೆ. ಗಡಗಿಯಲ್ಲಿ ಅಂಥದೇ ಸರದಿ ಒಂದು ಹಗಲಿನಲ್ಲಿ ಮುಗಿಯುತ್ತದೆ. ಅಲ್ಲಿನವರು ಕಾಲವನ್ನು ಸೀಸೆಯಲ್ಲಿ ಕಟ್ಟಿಡುತ್ತಾರೆ, ಇಲ್ಲಿ ಕಾಲದ ಹಿಂದೆ ನಾವೇ ಓಡಬೇಕು. ಮಾಸ್ತರಿಕೆಯ ಚಾಳಿಯಂತೆ ಅಂಕ ಹಾಕುವುದಾದರೆ: ಗ್ಯೂಜ್‌ಗೆ ಹತ್ತಕ್ಕೆ ಎಂಟು. ಆರು ಗಂಟೆಯ ಸಿಂದಿಗೆ ಐದು, ಹತ್ತು ಗಂಟೆಯದಕ್ಕೆ ಎಂಟು, ಸಂಜೆಯದಕ್ಕೆ ಮೂರು. ಸಂಜೆಯದಕ್ಕೆ ಮುತ್ಯಾನ ಅಂಕ ಬೇರೆ ಇರಬಹುದು, ಅದು ಅವನ ಹಕ್ಕು.

ಇಷ್ಟು ಬರೆದ ಮೇಲೆ ಓದುಗರಲ್ಲಿ ಕೆಲವರಾದರೂ ಕೇಳಬಹುದು: ಅಕ್ಕೋರೆ, ಕುಡಿತದಿಂದ ಹಾಳಾದ ಮನೆಗಳನ್ನು ನೀವು ನೋಡಿಲ್ಲವೇ? ನೋಡಿದ್ದೇನೆ. ಹಸಿದು ಬಂದು ಪ್ರಾರ್ಥನೆಗೆ ನಿಂತಲ್ಲೇ ಕುಸಿದ ಹುಡುಗಿಯನ್ನು ಎತ್ತಿ ಕೂರಿಸಿದ್ದೇನೆ. ಹಿಂದಿನ ದಿನದ ಕೂಲಿ ಅವಳಪ್ಪನ ಜೊತೆ ಅಂಗಡಿಗೆ ಹೋಗಿತ್ತು. ತಮ್ಮ ತಂಗಿಯರನ್ನು ಆಡಿಸಲು ಶಾಲೆ ಬಿಟ್ಟ ಹೆಣ್ಣುಮಕ್ಕಳ ಹೆಸರು ಹಾಜರಿ ಪುಸ್ತಕದಿಂದ ನನ್ನ ಕೈಯಾರೆ ಹೊಡೆದುಹಾಕಿದ್ದೇನೆ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿಯ ವಿರುದ್ಧ ಎದ್ದು, ಮರುವರ್ಷ ಇಡೀ ಆಂಧ್ರದಲ್ಲಿ ಸಾರಾಯಿ ನಿಲ್ಲಿಸಿದ ಸುದ್ದಿ ಓದಿ ಹೆಮ್ಮೆಪಟ್ಟವಳು ನಾನು. ಆ ಹೆಮ್ಮೆ ಈಗಲೂ ಇದೆ. ಆದ್ದರಿಂದಲೇ ಈ ಮಾತನ್ನು ಎಚ್ಚರದಿಂದ ಹೇಳುತ್ತೇನೆ.

ನಾನು ನೌಕರಿಗೆ ಸೇರಿದ ಕಾಲಕ್ಕೆ ನಮ್ಮ ಸೀಮೆಯ ಅಂಗಡಿಗಳಲ್ಲಿ ಸಿಂದಿ ಎಂಬ ಹೆಸರಿನಲ್ಲಿ ಮಾರುತ್ತಿದ್ದುದರಲ್ಲಿ ಗಿಡದ್ದು ಎಷ್ಟಿರುತ್ತಿತ್ತೋ ದೇವರೇ ಬಲ್ಲ. ಲೆಕ್ಕ ಸರಳ. ಒಂದು ಗಿಡ ದಿನಕ್ಕೆ ಕೊಡುವುದು ಕೆಲವೇ ಲೀಟರು, ಅದೂ ಹಂಗಾಮಿನಲ್ಲಿ, ಅದೂ ಬಿಡುವು ಕೊಟ್ಟು. ಅಂಗಡಿ ಮಾತ್ರ ವರ್ಷವಿಡೀ ತೆರೆದಿರುತ್ತಿತ್ತು. ನಡುವಿನ ಕೊರತೆಯನ್ನು ನೀರಿನಿಂದ ತುಂಬುತ್ತಿದ್ದರು, ಸಿಹಿಗೆ ಸ್ಯಾಕ್ರೀನು, ಅಮಲಿಗೆ ಕ್ಲೋರಲ್ ಹೈಡ್ರೇಟು. ಕ್ಲೋರಲ್ ಹೈಡ್ರೇಟು ಒಂದು ಕಾಲದಲ್ಲಿ ದವಾಖಾನೆಯಲ್ಲಿ ನಿದ್ದೆಗೆ ಕೊಡುತ್ತಿದ್ದ ಔಷಧಿ. ಅದು ಹುದುಗಿದ್ದಲ್ಲ, ಹುಳಿತದ್ದಲ್ಲ. ಅದಕ್ಕೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂಬ ಭೇದವಿಲ್ಲ. ಯಾವ ಹೊತ್ತಿಗೆ ಕುಡಿದರೂ ತೂಕಡಿಕೆ, ಬಿಟ್ಟರೆ ಕೈನಡುಕ, ಭ್ರಮೆ. ತೆಲಂಗಾಣದಲ್ಲಿ 2015ರಲ್ಲಿ ಕಲಬೆರಕೆಯ ಮೇಲೆ ಬಿಗಿ ಮಾಡಿದಾಗ ಪುಡಿಯ ಚಟ ಹತ್ತಿದ್ದವರು ಹುಚ್ಚರಂತೆ ಆಡುತ್ತ ಆಸ್ಪತ್ರೆ ಸೇರಿದರು. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಕಲ್ಲು ಕುಡಿದು ಹಲವರು ಸತ್ತೇ ಹೋದರು. ಈ ಪುಡಿ ನೀರಿಗೆ ನನ್ನ ಅಂಕ ಸೊನ್ನೆ. ಸೊನ್ನೆಗಿಂತ ಕಡಿಮೆ ಇದ್ದರೆ ಅದು.

ನಮ್ಮ ಭಾಗದಲ್ಲಿ 2004ರಲ್ಲಿ ಸೇಂದಿ ಬಂದಾಯಿತು. ಕರಾವಳಿಯಲ್ಲಿ ಕಳ್ಳು ಉಳಿಯಿತು. 2007ರ ಜುಲೈ 1ರಿಂದ ರಾಜ್ಯದಲ್ಲೆಲ್ಲ ಸಾರಾಯಿಯೂ ಹೋಯಿತು. ಕುಡಿತ ಹೋಯಿತೇ? ಅಗ್ಗದ ವಿಸ್ಕಿ, ಬ್ರಾಂದಿಯ ಪುಟ್ಟ ಪೊಟ್ಟಣಗಳು ಶಾಲೆಯ ಆವರಣದಲ್ಲೇ ಬಿದ್ದಿರುತ್ತವೆ, ಬೆಳಿಗ್ಗೆ ಮಕ್ಕಳು ಗುಡಿಸುತ್ತಾರೆ. ಅಚ್ಚ ಸಿಂದಿಯಲ್ಲಿ ಮದ್ಯ 100ಕ್ಕೆ ನಾಲ್ಕೈದು ಭಾಗ, ಆ ಪೊಟ್ಟಣದ ಮೇಲೆ ಅಚ್ಚಾಗಿರುವುದು 42.8. ಗಿಡ ಹತ್ತುವುದೊಂದೇ ಕಸುಬಾಗಿದ್ದ ಮನೆಗಳ ಗಂಡಸರು ಹೈದರಾಬಾದು, ಮುಂಬಯಿಯ ಕಟ್ಟಡದ ಕೂಲಿಗೆ ಹೋದರು. 2023ರಲ್ಲಿ ಈಡಿಗ ಸಮಾಜದವರು ಮಂಗಳೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೋದಾಗ ಅವರ ಬೇಡಿಕೆಗಳಲ್ಲಿ ಸೇಂದಿಯ ಅನುಮತಿಯೂ ಒಂದು.

ಬೆಲ್ಜಿಯಂನವರಿಗೂ ಕಲಬೆರಕೆಯ ಕಾಟ ಬಂದಿತ್ತು. ಹುಳಿ ಜನರಿಗೆ ಹಿಡಿಸದೆಂದು ಸಕ್ಕರೆ ಬೆರೆಸಿ, ಮಾಮೂಲಿ ಬಿಯರು ಸೇರಿಸಿ, ಅದೇ ಹೆಸರಲ್ಲಿ ಮಾರುವವರು ಹುಟ್ಟಿಕೊಂಡರು. ಆಗ ಅಲ್ಲಿನವರು ಗ್ಯೂಜನ್ನೇ ನಿಲ್ಲಿಸಲಿಲ್ಲ, ಹೆಸರನ್ನು ಬಿಗಿ ಮಾಡಿದರು. 1997ರಿಂದ ಯುರೋಪಿನ ಕಾನೂನಿನ ಪ್ರಕಾರ ಸೀಸೆಯ ಮೇಲೆ ‘ಔಡೆ’, ಅಂದರೆ ಹಳೆಯ, ಎಂಬ ಮಾತು ಇರಬೇಕಾದರೆ ಸಾಂಪ್ರದಾಯಿಕ ರೀತಿಯಲ್ಲೇ ಮಾಡಿರಬೇಕು. ನಮ್ಮ ಹುಡುಗ ತಂದ ಸೀಸೆಯ ಮೇಲೂ ಆ ಪದವಿತ್ತು. ಒಂದು ವಿಶೇಷಣ, ಅಷ್ಟೇ. ವ್ಯಾಕರಣ ಕಲಿಸುವವಳಾದ ನನಗೆ ಅದರ ಬೆಲೆ ತಿಳಿಯುತ್ತದೆ. ನಮ್ಮಲ್ಲಿ ಗಿಡದ ರಸಕ್ಕೂ ಸೇಂದಿ, ಪುಡಿ ನೀರಿಗೂ ಸೇಂದಿ. ಹೆಸರು ಒಂದೇ ಆದಾಗ ಕಾನೂನಿನ ಕತ್ತಿಗೂ ಎರಡೂ ಒಂದೇ. ದೂರ ನಿಂತು ನೋಡಿದವರಿಗೆ ಎಲ್ಲವೂ ಬೆಳ್ಳಗೇ ಕಂಡಿತು.

ಇದಕ್ಕೆ ಸರಕಾರವನ್ನೊಂದೇ ದೂರುವಂತಿಲ್ಲ. ನಮ್ಮ ಭಾಷೆಯ ಬರವಣಿಗೆಯೂ ಸಿಂದಿಯ ಹತ್ತಿರ ಹೋದದ್ದು ಕಡಿಮೆ. ಇಲ್ಲಿಂದ ದೂರವಿಲ್ಲದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಹೆಂಡದ ಮಾರಯ್ಯನೆಂಬ ಶರಣನಿದ್ದ. ತನ್ನ ಕಸುಬಿನ ಮಾತುಗಳಿಂದಲೇ ವಚನ ಕಟ್ಟಿದ. ಆದರೆ ಅಲ್ಲಿ ಹೆಂಡ ಬೇರೊಂದು ಅರ್ಥಕ್ಕೆ ಏಣಿ. ಜಿ. ಪಿ. ರಾಜರತ್ನಂ ಅವರ ಎಂಡ್ಕುಡ್ಕ ರತ್ನನನ್ನು ಮೆಚ್ಚದವರಾರು? ಅಲ್ಲಿಯೂ ನಮಗೆ ಸಿಗುವುದು ಕುಡಿದವನ ಮನಸ್ಸು, ಕುಡಿದದ್ದರ ರುಚಿಯಲ್ಲ. ಸ್ವಾತಂತ್ರ್ಯ ಚಳವಳಿಯಲ್ಲಿ ಈಚಲ ಮರ ಕಡಿಯುವುದೇ ದೇಶಸೇವೆಯಾಯಿತು. 1939ರ ಚಿತ್ರದುರ್ಗದ ತುರುವನೂರಿನ ಸತ್ಯಾಗ್ರಹವನ್ನು ನಾವು ಪಾಠದಲ್ಲಿ ಹೇಳುತ್ತೇವೆ. ಅವರ ಉದ್ದೇಶ ದೊಡ್ಡದು, ಅದನ್ನು ಅಳೆಯುವ ಯೋಗ್ಯತೆ ನನಗಿಲ್ಲ. ಆದರೆ ಹೆಂಡ ನಮ್ಮಲ್ಲಿ ಒಂದೋ ಪಾಪ, ಇಲ್ಲವೇ ಪ್ರತಿಮೆ. ಅದು ಹಗಲಿನ ಯಾವ ಹೊತ್ತಿಗೆ ಹೇಗಿರುತ್ತದೆ, ಅಚ್ಚದ್ದು ಯಾವುದು, ಕೆಟ್ಟದ್ದು ಯಾವುದು ಎಂಬ ತಿಳಿವಳಿಕೆ ಮುತ್ಯಾನಂಥವರ ನಾಲಿಗೆಯಲ್ಲೇ ಉಳಿದು ಅವರ ಜೊತೆಗೇ ಹೋಗುತ್ತಿದೆ.

ನನ್ನ ಮಾತು ಇಷ್ಟೇ. ಊರೂರಿಗೆ ಅಂಗಡಿ ತೆರೆಯಿರೆಂದು ನಾನು ಹೇಳುತ್ತಿಲ್ಲ. ಹಾಗೆ ತೆರೆದರೆ ನಾಳೆಯೇ ಪುಡಿ ಬಂದೀತು, ಯಾಕೆಂದರೆ ಅದನ್ನು ಬಾಯಿಗಿಟ್ಟ ಕೂಡಲೇ ಉಗುಳುವ ಮಂದಿ ಈಗ ನಮ್ಮಲ್ಲಿ ಉಳಿದಿಲ್ಲ. ಈಗಿನ ನಮ್ಮ ಹುಡುಗರಿಗೆ ಸಿಂದಿ ಎಂಬುದು ಹೆಸರು ಮಾತ್ರ. ಹಾಲಿಗೆ ನೀರು ಬೆರೆಸಿದರೆ ನಮ್ಮ ಹೆಂಗಸರಿಗೆ ಬೆರಳಿಗೇ ತಿಳಿಯುತ್ತದೆ, ಗೌಳಿಯನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಾರೆ. ಅದಕ್ಕಾಗಿ ಯಾರೂ ಹಾಲನ್ನೇ ಬಂದ್ ಮಾಡಲಿಲ್ಲ. ರುಚಿ ಬಲ್ಲವರು ಇದ್ದ ಕಡೆ ಕಲಬೆರಕೆಗೆ ಅಂಜಿಕೆ ಇರುತ್ತದೆ. ಮೊದಲು ಸುಣ್ಣದ ಗಡಗಿಯ ನೀರಾ ಬರಲಿ, ಬೆಲ್ಲ ಬರಲಿ. ಬಂಗಾಳದವರು ಇದೇ ಜಾತಿಯ ಗಿಡದಿಂದ ಮಾಡುವ ಚಳಿಗಾಲದ ಬೆಲ್ಲಕ್ಕೆ ಎಷ್ಟು ಹೆಸರಿದೆ! ಅದರಿಂದ ಗಿಡ ಹತ್ತುವ ಕಸುಬು ಉಳಿದೀತು, ಗಿಡದ ರಸದ ಪರಿಚಯ ಬಾಯಿಗೆ ಮರಳೀತು. ಹುಳಿತದ್ದರ ವಿಚಾರ ಆಮೇಲೆ, ಹೆಂಗಸರನ್ನೂ ಕೂಡಿಸಿಕೊಂಡು ಮಾತಾಡೋಣ. ಆ ಮಾತಿಗೆ ಕೂಡುವವರು ಹತ್ತು ಗಂಟೆಯದನ್ನೂ ಪುಡಿಯದನ್ನೂ ಒಂದೇ ಎನ್ನದಿದ್ದರೆ ಸಾಕು.

ಚಿಂಚೋಳಿಯ ಕಾಡು 2011ರಿಂದ ವನ್ಯಜೀವಿ ಧಾಮ, ಸುಮಾರು 135 ಚದರ ಕಿಲೋಮೀಟರು. ಅಲ್ಲಿಗೆ ಪ್ರವಾಸ ಬರುವ ಮಕ್ಕಳಿಗೆ ಸಾಗುವಾನಿ ತೋರಿಸುತ್ತಾರೆ, ಕೆಂಪು ಮಣ್ಣು ತೋರಿಸುತ್ತಾರೆ, ಚಂದ್ರಂಪಳ್ಳಿಯ ನೀರು ತೋರಿಸುತ್ತಾರೆ. ಹಳ್ಳದ ಈಚಲ ಗಿಡ ಬಂದಾಗ ಇದರಿಂದ ಕಸಬರಿಗೆ ಮಾಡುತ್ತಾರೆ ಎಂದು ಹೇಳಿ ಮುಂದೆ ಹೋಗುತ್ತಾರೆ. ಹಳೆಯ ಗಿಡಗಳ ಮೈಮೇಲೆ ಅತ್ತೊಂದು ಇತ್ತೊಂದು ಕಚ್ಚುಗಳು ಇನ್ನೂ ಇವೆ. ಅವುಗಳ ಮೇಲೆ ಇಪ್ಪತ್ತು ವರ್ಷ ಬೆಳೆದ ಮೈಯಲ್ಲಿ ಒಂದೂ ಕಚ್ಚಿಲ್ಲ.